ಗೋಧಿ ಹುಗ್ಗಿಗೆ ಎದುರು ನಿಂತ ಪುತಳಾಬಾಯಿ

ನನ್ನ ಅವ್ವ ಪುತಳಾಬಾಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ನಾನು ಬದುಕಿರುವುದು ಅವಳ ಹಟದಿಂದ. ನಮ್ಮೂರು ಸಾಯಗಾಂವದವರು ಅವಳನ್ನು ಗಯ್ಯಾಳಿ ಅಂದರು. ಅನ್ನಲಿ ಬಿಡಿ, ಊರ ಬಾಯಿಗೆ ಬೀಗ ಹಾಕಲಾದೀತೇ!

ನಮ್ಮ ಕಡೆ ಗೋಧಿ ಎಂದರೆ ದೊಡ್ಡ ಧಾನ್ಯ. ಅದು ದೇವರಿಗೆ, ಬೀಗರಿಗೆ, ಬೇನೆ ಬಿದ್ದವರಿಗೆ. ಉಳಿದವರಿಗೆ ಜೋಳದ ರೊಟ್ಟಿ. ನನಗಿಂತ ಮೊದಲು ಹುಟ್ಟಿದ ಇಬ್ಬರು ಅಣ್ಣಂದಿರು ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ಭೇದಿಯಲ್ಲೇ ಹೋದರು. ನನಗೂ ಅದೇ ಶುರುವಾಯಿತು. ನಾನು ಸೊರಗಿದಷ್ಟೂ ಅಜ್ಜಿ ಸುಂದರಬಾಯಿ ಪ್ರೀತಿಯಿಂದ ಗೋಧಿ ಗಂಜಿ ಮಾಡಿಕೊಟ್ಟಳು, ಅವ್ವ ಕುಡಿಸಿದಳು.

ನನಗೆ ನಾಲ್ಕು ವರ್ಷವಾದಾಗ ನಿಜಾಮನ ಪರದ ರಜಾಕಾರರ ಹಾವಳಿ ಹೆಚ್ಚಿತು. ಅಪ್ಪ ಧೊಂಡಿಬಾ ಕುರಿಗಳ ಜೊತೆ ನಮ್ಮನ್ನೂ ಔರಾದ ಕಡೆಯ ಅಡವಿಗೆ ಹೊಡೆದುಕೊಂಡು ಹೋದ. ಅಜ್ಜಿ ಮನೆ ಕಾಯಲು ಉಳಿದಳು. ನಮ್ಮ ಬಳಿ ಇದ್ದದ್ದು ಒಂದು ಚೀಲ ಜೋಳ, ಉಳ್ಳಾಗಡ್ಡಿ, ಖಾರ. ಈ ಕೂಸು ಇಲ್ಲೇ ಮಣ್ಣಾಗುತ್ತದೆಂದು ಅವ್ವ ದಿನವೂ ಅತ್ತಳು. ತಿಂಗಳೊಳಗೆ ನನ್ನ ಭೇದಿ ನಿಂತಿತು. ಎರಡನೆಯ ತಿಂಗಳಿಗೆ ಕುರಿಮರಿಗಳ ಹಿಂದೆ ಓಡುತ್ತಿದ್ದೆ.

ಭಾರತ ಸೈನ್ಯದ ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಊರಿಗೆ ಬಂದೆವು. ಜೀವ ಉಳಿಯಿತೆಂದು ಅಜ್ಜಿ ದೇವರಿಗೆ ಗೋಧಿ ಹುಗ್ಗಿ ಎಡೆ ಹಿಡಿದು, ಮೊದಲು ನನಗೇ ಉಣಿಸಿದಳು. ವಾರದೊಳಗೆ ಮತ್ತೆ ಅದೇ ಭೇದಿ. ಅಡವಿಯಲ್ಲಿ ಇಲ್ಲದ್ದು ಇಲ್ಲೇನಿದೆ ಎಂದು ಯೋಚಿಸಿದ ಅವ್ವನಿಗೆ ಗೋಧಿಯೊಂದೇ ಕಂಡಿತು. ಅಜ್ಜಿ ಮತ್ತೆ ಬಟ್ಟಲು ತಂದಾಗ ಕೈ ಅಡ್ಡ ಹಿಡಿದಳು.

“ಬ್ಯಾಡ್ರಿ ಅತ್ತಿ. ಗೋಧಿ ಈಕಿಗಿ ಆಗಿ ಬರಂಗಿಲ್ಲ.”

“ಹುಚ್ಚಿ! ದೇವರ ಪ್ರಸಾದಕ್ಕ ಬ್ಯಾಡ ಅಂತೀಯೇನ?”

“ದೇವರು ಸಿಟ್ಟಾದ್ರ ನನ್ ಮ್ಯಾಲ ಆಗ್ಲಿರಿ. ಎರಡು ಕೂಸಿಗಿ ಈ ಕೈಲೇ ಗೋಧಿ ಉಣಿಸೇನಿ, ಈ ಕೈಲೇ ಮಣ್ಣು ಕೊಟ್ಟೇನಿ. ಈಕಿನ್ನ ಕೊಡಂಗಿಲ್ರಿ.”

ಅಜ್ಜಿ ಬಟ್ಟಲನ್ನು ಒಳಗೆ ಒಯ್ದಳು. ಗೋಧಿ ನಿಂತಿತು, ಭೇದಿಯೂ ನಿಂತಿತು. ಅಂದಿನಿಂದ ನನ್ನ ತಟ್ಟೆಗೆ ಅವ್ವನೇ ಕಾವಲು.

ವರ್ಷಗಳು ಕಳೆದು ಭಾಲ್ಕಿಯಲ್ಲಿ ನನ್ನ ಮದುವೆ. ಗಂಡು ಹೆಣ್ಣು ಒಂದೇ ತಟ್ಟೆಯಲ್ಲಿ ಉಣ್ಣುವ ಭೂಮದ ಊಟಕ್ಕೆ ಗೋಧಿ ಹಿಟ್ಟಿನ ಹೋಳಿಗೆ ಬಂತು. ಅವ್ವ ಎಲ್ಲರೆದುರೇ ಅದನ್ನು ಎತ್ತಿಟ್ಟು ಜೋಳದ ರೊಟ್ಟಿ ಬಡಿಸಿದಳು.

“ಭೂಮಕ್ಕ ರೊಟ್ಟಿ? ನಮ್ ಮಾನ ಕಳೀತೀರೇನ್ರಿ?” ಎಂದು ಬೀಗಿತ್ತಿ ಹರಿಹಾಯ್ದಳು.

“ಮಾನ ನಿಮಗಿರ್ಲಿರಿ, ಮಗಳು ನನಗಿರ್ಲಿ!”

ನನ್ನ ಗಂಡ ಮಡೆಪ್ಪ ರೊಟ್ಟಿ ಮುರಿದು, ಮೊದಲ ತುತ್ತು ನನ್ನ ಬಾಯಿಗಿಟ್ಟ. ಅಷ್ಟು ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಅವ್ವ ಆಗ ಕುಸಿದು ಕೂತು, ನನ್ನ ಅಣ್ಣಂದಿರ ಹೆಸರು ಹಿಡಿದು ಅತ್ತಳು.