ಯಾಕಮ್ಮನ ನೋವಿನ ಲೆಕ್ಕ

ಪುಸ್ತಕಗಳಿಗೆ ರಟ್ಟು ಕಟ್ಟುವವನ ಮಗಳನ್ನು ಮನೆಯಲ್ಲಿ ಎಲ್ಲರೂ ಯಾಕಮ್ಮ ಎಂದೇ ಕರೆಯುತ್ತಿದ್ದರು. ಮಾತು ಬಂದಾಗಿನಿಂದ ‘ಯಾಕೆ’ ಎನ್ನದೆ ಒಂದು ತುತ್ತನ್ನೂ ನುಂಗಿದವಳಲ್ಲ. ಗೋಂದು ಯಾಕೆ ಅಂಟುತ್ತದೆ, ಅಜ್ಜಿ ಯಾಕೆ ಬಾಯಿ ತೆರೆದು ಮಲಗುತ್ತಾಳೆ, ತನ್ನ ಕಣ್ಣು ಯಾಕೆ ಹಳದಿ. ಮೊದಲ ಎರಡಕ್ಕೆ ಅಪ್ಪ ಏನಾದರೂ ಹೇಳಿ ಪಾರಾಗುತ್ತಿದ್ದ. ಮೂರನೆಯದಕ್ಕೆ ಅವನ ಬಳಿ ಇದ್ದದ್ದು ಆಸ್ಪತ್ರೆಯವರು ಕೊಟ್ಟ ಒಂದು ಹೆಸರು ಮಾತ್ರ: ಸಿಕಲ್ ಸೆಲ್, ಕುಡುಗೋಲಿನಂತೆ ಬಾಗುವ ರಕ್ತಕಣದ ಕಾಯಿಲೆ.

“ನಮ್ಮ ಕಡೆ ಯಾರಿಗೂ ಇಲ್ಲ ಇದು,” ಎಂದು ಅಜ್ಜಿ ಸೊಸೆಯ ಕಡೆ ನೋಡಿ ವರ್ಷಗಟ್ಟಲೆ ಗೊಣಗಿದ್ದಳು. ಒಮ್ಮೆ ಡಾಕ್ಟರು ಅಜ್ಜಿಯನ್ನೇ ಎದುರಿಗೆ ಕೂರಿಸಿಕೊಂಡು, ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಈ ಕಾಯಿಲೆ ಎಂದು ಬಿಡಿಸಿ ಹೇಳಿದರು. “ಕೊನೆಗೂ ಒಂದು ವಿಷಯದಲ್ಲಿ ನಾವಿಬ್ಬರೂ ಸಮ ಆದ್ವಿ,” ಎಂದ ಅಪ್ಪ. ಅಮ್ಮ ನಗಲಿಲ್ಲ. ಆದರೆ ಅಜ್ಜಿಯ ಗೊಣಗಾಟ ಅಲ್ಲಿಗೆ ನಿಂತಿತು.

ಹದಿನೈದು ತುಂಬಿದರೂ ಅವಳನ್ನು ನೋಡಿದವರು ಹನ್ನೊಂದು ಎನ್ನುತ್ತಿದ್ದರು. ಜೊತೆಯ ಹುಡುಗಿಯರೆಲ್ಲ ದೊಡ್ಡವರಾಗಿದ್ದರು. ಇವಳು ಹತ್ತಿರ ಹೋದರೆ ಮಾತು ನಿಲ್ಲಿಸಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ತಿಂಗಳಿಗೊಮ್ಮೆಯಾದರೂ ಮೊಣಕಾಲೋ ಬೆನ್ನೋ ಪಕ್ಕೆಯೋ, ಎಲ್ಲೋ ಒಂದು ಕಡೆ ನೋವು ಹೊಕ್ಕು ಕೂರುತ್ತಿತ್ತು. ನಾಲ್ಕು ದಿನ ಹಾಸಿಗೆ. ಐದನೆಯ ದಿನ ಶಾಲೆಗೆ ಹೋದರೆ ಆಟದ ಮೇಷ್ಟ್ರು, “ಬಂದ್ಲಪ್ಪ ಮಹಾರಾಣಿ. ಅದೇನು, ಶಾಲೆ ಇದ್ದಾಗಲೇ ಬರುತ್ತೆ ನಿನ್ನ ನೋವು?” ಎನ್ನುತ್ತಿದ್ದರು. ಪಕ್ಕದಲ್ಲಿ ಕೂರುವವಳು ತನ್ನ ನೀರಿನ ಬಾಟಲಿಯನ್ನು ಆಚೆಗೆ ಸರಿಸಿಕೊಳ್ಳುತ್ತಿದ್ದಳು.

ಒಂದು ಸಲ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವಾಕೆ ಇವಳ ಪ್ರಶ್ನೆಗಳ ಕಾಟ ತಡೆಯಲಾರದೆ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ದುಂಡನೆಯ ಕಣಗಳ ನಡುವೆ ಅಲ್ಲಲ್ಲಿ ಬಾಗಿದವು, ಕತ್ತರಿಸಿ ಬಿಸಾಡಿದ ಉಗುರಿನ ಹಾಗೆ.

“ಇವು ಯಾವಾಗಲೂ ನನ್ನೊಳಗೇ ಇರ್ತಾವಲ್ಲ. ನೋವು ಮಾತ್ರ ಯಾಕೆ ಯಾವಾಗಲೂ ಇರಲ್ಲ?”

“ಕೆಲವು ಸಲ ಹೆಚ್ಚು ಬಾಗಿ ಸಿಕ್ಕಿಹಾಕ್ಕೊಳ್ತಾವೆ. ಚಳಿಗೆ, ಜ್ವರಕ್ಕೆ, ಮೈಯಲ್ಲಿ ನೀರು ಕಡಿಮೆಯಾದರೆ. ನಿನಗೆ ಯಾವುದರಿಂದ ಅಂತ ನಾನು ಹೇಗೆ ಹೇಳಲಿ? ಗಮನಿಸಿ ಬರೆದಿಡು.”

ಅಪ್ಪನ ಅಂಗಡಿಯಲ್ಲಿ ಅಂಚು ಸೊಟ್ಟಗೆ ಕತ್ತರಿಸಿಹೋದ ನೋಟುಪುಸ್ತಕಗಳಿಗೆ ಬರವಿರಲಿಲ್ಲ. ಒಂದನ್ನೆತ್ತಿಕೊಂಡು ಬರೆಯತೊಡಗಿದಳು: ನೋವು ಎಲ್ಲಿ, ಯಾವ ದಿನ, ಹಿಂದಿನ ದಿನ ಏನು ಮಾಡಿದೆ, ಏನು ತಿಂದೆ. ಐದು ತಿಂಗಳಾದ ಮೇಲೆ ಪುಟ ತಿರುಗಿಸಿ ಲೆಕ್ಕ ಹಾಕಿದಳು. ಏಳು ಸಲ ನೋವು ಬಂದಿತ್ತು. ಆರು ಸಲ ಶಾಲೆಯ ವಾರದ ಕೊನೆಗೆ. ರಜೆಯಲ್ಲಿ ಒಂದೇ ಸಲ. ಹಾಗಾದರೆ ಮೇಷ್ಟ್ರು ಹೇಳಿದ್ದೇ ನಿಜವೇ? ನಾನು ನನಗೇ ಗೊತ್ತಿಲ್ಲದ ಮೈಗಳ್ಳಿಯೇ? ಎರಡು ದಿನ ಅದನ್ನೇ ಮೆಲುಕು ಹಾಕಿದಳು. ಮೂರನೆಯ ದಿನ ಅಮ್ಮ, ತುಂಬಿಸಿ ಕಳಿಸಿದ ಬಾಟಲಿ ತುಂಬಿಯೇ ವಾಪಸು ಬಂತೆಂದು ಬೈದಾಗ ಹುಡುಗಿಗೆ ಹೊಳೆಯಿತು.

ಶಾಲೆಯಲ್ಲಿ ಅವಳು ನೀರು ಕುಡಿಯುತ್ತಿರಲಿಲ್ಲ. ಈ ಕಾಯಿಲೆಯವರಿಗೆ ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ. ಒಮ್ಮೆ ಒಂದೇ ಪಾಠದ ನಡುವೆ ಮೂರು ಸಲ ಎದ್ದು ಅನುಮತಿ ಕೇಳಿದ್ದಕ್ಕೆ ಇಡೀ ತರಗತಿ ನಕ್ಕಿತ್ತು. ಅಂದಿನಿಂದ ಬೆಳಿಗ್ಗೆಯಿಂದಲೇ ಬಾಯಿ ಕಟ್ಟಿಬಿಡುತ್ತಿದ್ದಳು.

ಅದನ್ನೂ ಬರೆದು, ನೋಟುಪುಸ್ತಕ ಹಿಡಿದು ನೇರ ಆಟದ ಮೇಷ್ಟ್ರ ಬಳಿ ಹೋದಳು. ಅವರು ನಿಂತಲ್ಲೇ ಹತ್ತು ಪುಟ ಓದಿದರು.

“ಯಾರು ಬರೆಸಿದ್ದು ಇದನ್ನ?”

“ಯಾರೂ ಇಲ್ಲ ಸರ್. ನೀವು ಹೇಳಿದ್ದು ಅರ್ಧ ನಿಜ. ನೋವು ಶಾಲೆಯಿಂದಲೇ ಬರೋದು.”

ಮೇಷ್ಟ್ರು ತಪ್ಪಾಯಿತು ಎನ್ನಲಿಲ್ಲ. ಕೆಮ್ಮಿ, ಪುಸ್ತಕವನ್ನು ಒಂದು ದಿನಕ್ಕೆ ಕೇಳಿ ಪಡೆದರು. ಮರುದಿನದಿಂದ ಅವಳು ಯಾವ ಪಾಠದಲ್ಲೂ ಕೇಳದೆ ಎದ್ದು ಹೋಗಬಹುದು, ಡೆಸ್ಕಿನ ಮೇಲೆ ನೀರು ಇಟ್ಟುಕೊಳ್ಳಬಹುದು ಎಂದಾಯಿತು.

ನೋವೇನೂ ಮಾಯವಾಗಲಿಲ್ಲ. ಚಳಿಗಾಲದಲ್ಲಿ ಎದೆಗೇ ಬಂದು ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿಸಿತು. ನೀರು ಕುಡಿದಿದ್ದಳು, ಬೆಚ್ಚಗೂ ಇದ್ದಳು. ಆ ಪುಟದಲ್ಲಿ ‘ಕಾರಣ ತಿಳಿಯಲಿಲ್ಲ’ ಎಂದು ಬರೆದು ಕೆಳಗೆ ಗೆರೆ ಎಳೆದಳು. ತಪ್ಪಿದ ಪರೀಕ್ಷೆಯನ್ನು ಎರಡು ತಿಂಗಳು ತಡವಾಗಿ ಬರೆದು ಪಾಸಾದಳು.

ಆಸ್ಪತ್ರೆಯಿಂದ ಬಂದು ಮರಳಿ ಶಾಲೆಗೆ ಹೋದ ದಿನ ಪಕ್ಕದವಳು ಕೊನೆಗೂ ಕೇಳಿದಳು: “ಅದು ಅಂಟುತ್ತಾ?”

“ಇಲ್ಲ. ಅಪ್ಪ ಅಮ್ಮನಿಂದ ಬರೋದು, ಅಷ್ಟೇ. ಇಷ್ಟು ದಿನ ಕೇಳಬಾರದಿತ್ತಾ?”

“ಬೇಜಾರು ಮಾಡ್ಕೋತೀಯೇನೋ ಅಂತ,” ಎಂದು ಅವಳು ಯಾಕಮ್ಮನ ನೋಟುಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ಮೊದಲ ಪುಟದಿಂದ ಓದತೊಡಗಿದಳು.