ಎಲ್ಲ ದಿನವೂ ಶನಿವಾರದ ಒಪ್ಪತ್ತು

ಈಗ ಯಾರ ಮನೆಗೆ ಹೋದರೂ ಅನ್ನ ಬಿಟ್ಟವರು ಒಬ್ಬರಾದರೂ ಸಿಗುತ್ತಾರೆ. ತೂಕ ಎಷ್ಟು ಇಳಿಸಿದೆ, ಹೇಗೆ ಇಳಿಸಿದೆ ಎಂದು ಅವರು ವರ್ಣಿಸತೊಡಗಿದರೆ ನನಗೆ ಎದ್ದು ಹೋಗಬೇಕೆನಿಸುತ್ತದೆ. ಅವರ ಮೇಲೆ ಸಿಟ್ಟೇನಿಲ್ಲ. ಅರವತ್ತರ ದಶಕದ ಮೊದಮೊದಲಿಗೆ, ಕುಮಟೆಯ ಹತ್ತಿರದ ಬಾಡದಲ್ಲಿ, ನಾನೂ ಒಬ್ಬರಿಗೆ ಅನ್ನ ಬಿಡಿಸಿದ್ದೆ. ನನ್ನ ಅಬ್ಬೆಗೆ, ಹೆತ್ತ ತಾಯಿಗೆ.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಬ್ಬೆ ದಪ್ಪ ಹೆಂಗಸು. ಆ ವರ್ಷ ಕೊಡಗಟ್ಟಲೆ ನೀರು ಕುಡಿಯತೊಡಗಿದಳು. ಕಲ್ಲು ಎಡವಿ ಬಲಗಾಲಿನ ಹೆಬ್ಬೆರಳಿಗೆ ಆದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಕುಮಟೆಯ ಡಾಕ್ಟರರು ಮೂತ್ರಕ್ಕೆ ಎಂತದೋ ನೀಲಿ ಔಷಧಿ ಹಾಕಿ ಕಾಯಿಸಿದರು. ನೋಡುತ್ತಿದ್ದಂತೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮೆಟ್ರಿಕ್ ಓದುತ್ತಿದ್ದ ನನ್ನನ್ನೇ ಕರೆದು ಹೇಳಿದರು: "ಸಕ್ಕರೆ ಕಾಯಿಲೆ. ತಾಯಿಯ ಮೈ ಇಳೀಬೇಕು. ಅನ್ನ ಬಿಡಿಸು, ಸಿಹಿ ಕೊಡಬೇಡ. ಇಲ್ಲದಿದ್ರೆ ಕಾಲು ಉಳಿಯೂದು ಕಷ್ಟ." ಮಾತ್ರೆ ಕೊಟ್ಟು, ತಿಂಗಳು ಬಿಟ್ಟು ಬರಲು ಹೇಳಿದರು.

ಅನ್ನ ಬಿಡುವುದು ನಮಗೆ ಹೊಸದೇ? ಶನಿವಾರ ಒಪ್ಪತ್ತು ಮಾಡುವವರು ರಾತ್ರಿ ಅನ್ನ ಉಣ್ಣುವುದಿಲ್ಲ. ಅವಲಕ್ಕಿಯನ್ನೋ ದೋಸೆಯನ್ನೋ ತಿಂದು ಮಲಗುತ್ತಾರೆ. ದೋಸೆ ತಿಂದರೆ ಅದನ್ನು ಊಟವೆಂದು ನಮ್ಮ ಕಡೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ದಿನ ಮೀನಿನ ಸುದ್ದಿಯೂ ಇಲ್ಲ. ಮನೆಗೆ ಮರಳುವಾಗ ಬಸ್ಸಿನಲ್ಲಿ ಅಬ್ಬೆಯೇ ಹೇಳಿದಳು: "ಎಲ್ಲಾ ದಿನಾನೂ ಶನಿವಾರ ಅಂತ ತಿಳ್ಕಂಡ್ರೆ ಆತು, ಅಲ್ವನೇ?"

"ಆತು, ಹಾಂಗೇ ಮಾಡ್ವ" ಎಂದೆ. ಇಷ್ಟೇ ತಾನೇ ಎಂದು ಸಮಾಧಾನವೂ ಆಯಿತು.

ಮರುದಿನದಿಂದಲೇ ಶುರು. ಬೆಳಿಗ್ಗೆ ದೋಸೆ, ಮಧ್ಯಾಹ್ನ ತೆಂಗಿನಕಾಯಿ ಹಾಕಿ ಕಲಸಿದ ಅವಲಕ್ಕಿ, ರಾತ್ರಿ ಮತ್ತೆ ದೋಸೆ. ಪಾಪ, ಹಸಿದಿರಬಾರದೆಂದು ಮೂರರ ಜಾಗದಲ್ಲಿ ಐದು ಹಾಕುತ್ತಿದ್ದೆ. ಮೀನಿಲ್ಲದೆ ತುತ್ತು ಇಳಿಯದ ಹೆಂಗಸು ಮೀನನ್ನೂ ಬಿಟ್ಟಳು. ಮೀನು ಮಾರುವವಳು ಬೇಲಿಯ ಹತ್ತಿರ ಬುಟ್ಟಿ ಇಳಿಸಿದರೆ ನನಗೆಂದು ನಾಲ್ಕು ಬಂಗಡೆ ತೆಗೆದುಕೊಂಡು, ಸಾರು ಮಾಡಿ ನನಗೆ ಬಡಿಸಿ, ತಾನು ಎದುರಿಗೆ ಕೂತು ಅವಲಕ್ಕಿ ತಿನ್ನುತ್ತಿದ್ದಳು. ನಾನು ಗಡದ್ದಾಗಿ ಉಣ್ಣುತ್ತಿದ್ದೆ. ನನ್ನ ಶಿಸ್ತಿನ ಬಗ್ಗೆ ನನಗೇ ಹೆಮ್ಮೆ!

ತಿಂಗಳ ಮೇಲೆ ಹೋದರೆ ಅಬ್ಬೆಯ ತೂಕ ಹೆಚ್ಚಿತ್ತು. ಔಷಧಿ ಮತ್ತೆ ಅದೇ ಬಣ್ಣಕ್ಕೆ ತಿರುಗಿತು. "ಅನ್ನ ಬಿಟ್ಟ ಹಾಗೆ ಕಾಣೂದಿಲ್ಲ" ಎಂದರು ಡಾಕ್ಟರರು. ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಜನರೆದುರಿಗೇ ಅಬ್ಬೆಯನ್ನು ಬಾಯಿಗೆ ಬಂದ ಹಾಗೆ ಬೈದೆ. "ನಾ ಶಾಲಿಗೆ ಹೋದ ಮೇಲೆ ಕದ್ದು ಉಣ್ತೆ, ಅಲ್ದಾ? ನಾಚ್ಕೆ ಆಗೂದಿಲ್ವಾ ನಿಂಗೆ?"

"ದೇವರಾಣೆ ಇಲ್ಲ ಮಗಾ" ಎಂದಳು ಅಬ್ಬೆ. ನಾನು ನಂಬಲಿಲ್ಲ. ಊಟದ ಅಕ್ಕಿಯನ್ನೆಲ್ಲ ಪೆಟ್ಟಿಗೆಗೆ ತುಂಬಿ ಬೀಗ ಜಡಿದು, ಕೀಲಿಕೈಯನ್ನು ಶಾಲೆಗೆ ಒಯ್ಯತೊಡಗಿದೆ. ಹೋಗುವ ಮುಂಚೆ ದೋಸೆ ಹೊಯ್ದು ಮುಚ್ಚಿಟ್ಟೇ ಹೋಗುತ್ತಿದ್ದೆ. ನಾನೇನು ರಾಕ್ಷಸಿಯಲ್ಲವಲ್ಲ.

ಮೂರು ವಾರದೊಳಗೆ ಬೆರಳು ಕಪ್ಪಾಗಿ ವಾಸನೆ ಬರತೊಡಗಿತು. ಈ ಸಲ ಡಾಕ್ಟರರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ಬೆಳಗಿಂದ ರಾತ್ರಿ ತನಕ ಎಂತ ಕೊಡ್ತೆ, ಹೇಳು" ಎಂದರು. ನಾನು ಪಾಠ ಒಪ್ಪಿಸಿದಂತೆ ಒಂದೂ ಬಿಡದೆ ಹೇಳಿದೆ.

"ದೋಸೆಗೆ ಎಂತ ಹಾಕ್ತೆ?"

"ಅಕ್ಕಿ, ಉದ್ದು."

"ಅವಲಕ್ಕಿ ಎಂತದ್ದು?"

ನಾನು ಅಬ್ಬೆಯ ಕಪ್ಪಾದ ಬೆರಳನ್ನು ನೋಡಿದೆ.

"ಅದೂ ಅಕ್ಕಿಯೇ ಅಲ್ವಾ ತಂಗಿ? ಮೀನು ಎಂತಕ್ಕೆ ಬಿಡಿಸ್ದೆ? ಮೀನು, ಸೊಪ್ಪು, ತರಕಾರಿ ಅವರು ಹೊಟ್ಟೆ ತುಂಬ ತಿನ್ನಬಹುದಿತ್ತು." ಆಮೇಲೆ ಸ್ವಲ್ಪ ತಡೆದು, "ನಾನೂ ಬಿಡಿಸಿ ಹೇಳಬೇಕಿತ್ತು" ಎಂದರು. ಅಬ್ಬೆ ಡಾಕ್ಟರರನ್ನು ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

ಮೊದಲು ಬೆರಳು ತೆಗೆದರು. ಆಮೇಲೆ ಅರ್ಧ ಪಾದ. ಅಬ್ಬೆಯನ್ನು ಮನೆಗೆ ತಂದ ಮೇಲೆ ಹೊನ್ನಾವರದಿಂದ ಅವಳ ತಂಗಿ, ನನ್ನ ಚಿಕ್ಕಮ್ಮ, ನೋಡಲು ಬಂದಳು. ಬಂದವಳೇ, "ಡಾಕ್ಟರು ಹೇಳಿದ ಪಥ್ಯ ಮಾಡ್ಲಿಲ್ವಾ?" ಎಂದು ಕೇಳಿದಳು. ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಬ್ಬೆಯೇ ಹೇಳಿದಳು:

"ತಪ್ಪು ನಂದೇ ಮಾರಾಯ್ತಿ. ಕದ್ದು ಕದ್ದು ಅನ್ನ ಉಂಡೆ. ಈ ಹುಡುಗಿ ಬೀಗ ಹಾಕಿದ್ರೂ ಕೇಳ್ಲಿಲ್ಲ."

"ಬಾಯಿ ಚಪಲಕ್ಕೆ ಕಾಲು ಕಳ್ಕಂಡ್ಯಲ್ಲೇ!" ಎಂದು ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ನನ್ನ ತಲೆ ಸವರಿ, "ಪಾಪ, ಎಷ್ಟು ಮಾಡ್ತು ಈ ಕೂಸು" ಎಂದಳು. ನಾನು ಚಹಾ ಕೊಟ್ಟು ಒಳಗೆ ಹೋದೆ.

ಆಮೇಲೆ ನೋಡಲು ಬಂದವರಿಗೆಲ್ಲ ಅಬ್ಬೆ ಅದನ್ನೇ ಹೇಳಿದಳು. ನನ್ನ ಹತ್ತಿರ ಮಾತ್ರ ಆ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಊರೆಲ್ಲ ನಂಬಿತು. ಅವಳು ತೀರಿಕೊಂಡ ದಿನ ಅಂಗಳದಲ್ಲಿ ನೆರೆಮನೆಯವಳು, "ಅನ್ನದ ಆಸೆ ಒಂದು ಬಿಟ್ಟಿದ್ರೆ ಇನ್ನೂ ಹತ್ತು ವರ್ಷ ಇರ್ತಿದ್ದಳು" ಎಂದು ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.