ಅಮ್ಮನ ಪತ್ರೊಡೆ ಫಸ್ಟ್ ನಂಬರಲ್ಲಿ ಇದ್ದಾಗ

ಫೋನಿನ ಸರ್ಚ್ ಇಂಜಿನ್ ಬದಲಾಯಿಸ್ಬಹುದು ಅಂತಾನೇ ನಂಗೆ ಗೊತ್ತಿರ್ಲಿಲ್ಲ. ನಮ್ಮ ಬಿಲ್ಡಿಂಗಲ್ಲಿ ಯಾರ ಫೋನ್ ಹ್ಯಾಂಗ್ ಆದ್ರೂ ನನ್ನ ಹತ್ರಾನೇ ತರೋದು, ಆದ್ರೂ ಗೊತ್ತಿರ್ಲಿಲ್ಲ. ನಾನು ಕ್ಲಾಸಿಗೆ ಹೋಗಿ ಕಲ್ತವಳಲ್ಲ. ಡೊಂಬಿವಲಿಯಿಂದ ಠಾಣೆಗೆ ಕಾಲೇಜಿಗೆ ಹೋಗುವಾಗ ಲೋಕಲ್ ಟ್ರೈನಲ್ಲಿ ಕೈ ಆಡಿಸ್ಲಿಕ್ಕೆ ಜಾಗ ಸಿಕ್ಕಿದ್ರೆ ಸೆಟ್ಟಿಂಗ್ಸ್ ತೆಗೆದು ಒಂದೊಂದೇ ಒತ್ತಿ ನೋಡೋದು. ಎಂತ ಆಗ್ತದೋ ಆಗ್ಲಿ, ನೋಡುವ. ಹಾಗೆ ಕಲ್ತದ್ದು. ಆದ್ರೆ ಮೇಲೆ ಹುಡುಕ್ಲಿಕ್ಕೆ ಒಂದು ಉದ್ದ ಪಟ್ಟಿ ಉಂಟಲ್ಲ, ಅದು ಫೋನಿನ ಮೂಗು ಇದ್ದ ಹಾಗೆ ಅಂತ ನಾನು ಅಂದ್ಕೊಂಡಿದ್ದೆ. ಮೂಗನ್ನ ಯಾರಾದ್ರೂ ಬದಲಾಯಿಸ್ತಾರಾ?

ಅದನ್ನ ಬದಲಾಯಿಸಿದ್ದು ಒಂದು ಭಾನುವಾರ. ಮಾರನೇ ದಿನವೇ ಕೆಲಸ ಬಿಡೋದು ಅಂತ ಅಮ್ಮ ಆಗ್ಲೇ ಗಟ್ಟಿ ಮಾಡಿ ಆಗಿತ್ತು.

ಅಮ್ಮ ಠಾಣೆಯ ಘೋಡಬಂದರ್ ರಸ್ತೆಯ ಒಂದು ಆಫೀಸಿನ ಕ್ಯಾಂಟೀನಲ್ಲಿ ಅಡುಗೆ ಮಾಡ್ತಾಳೆ. ದಿನಾ ಚಪಾತಿ, ಭಾಜಿ, ದಾಲ್, ಅನ್ನ. ಅಲ್ಲಿ ಅವಳ ಕೈಯ ನಿಜವಾದ ರುಚಿ ಯಾರಿಗೂ ಗೊತ್ತಿಲ್ಲ. ಅದು ಗೊತ್ತಾಗೋದು ಭಾನುವಾರ, ಮನೆಯಲ್ಲಿ, ಆರ್ಡರಿಗೆ ಪತ್ರೊಡೆ ಮಾಡುವಾಗ. ಕೆಸುವಿನ ಎಲೆಗೆ ಅಕ್ಕಿ, ತೆಂಗಿನಕಾಯಿ, ಮೆಣಸು, ಹುಳಿ ಅರೆದ ಹಿಟ್ಟು ಹಚ್ಚಿ, ಎಲೆ ಮೇಲೆ ಎಲೆ ಇಟ್ಟು, ಸುತ್ತಿ, ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ ಕಾವಲಿಯಲ್ಲಿ ಹುರೀತಾಳೆ. ಆ ವಾಸನೆ ಲಿಫ್ಟಲ್ಲೂ ಬರ್ತದೆ. ತಗೊಳ್ಳೋರು ಎಲ್ಲ ನಮ್ಮವ್ರೇ. ಕಲ್ಯಾಣದಲ್ಲಿ, ನವಿ ಮುಂಬಯಿಯಲ್ಲಿ ಇರೋ ಉಡುಪಿ ಕಡೆಯವ್ರು.

ನಾನು ಅವಳಿಗೆ ಒಂದು ಪೇಜ್ ಮಾಡಿ ಕೊಟ್ಟೆ. ಪತ್ರೊಡೆಯ ಫೋಟೋ, ಫೋನ್ ನಂಬರ್, ಮ್ಯಾಪಲ್ಲಿ ನಮ್ಮ ಬಿಲ್ಡಿಂಗ್. ಅದನ್ನ ಫ್ಯಾಮಿಲಿ ಗ್ರೂಪಲ್ಲಿ ಹಾಕಿದ್ದೇ ತಡ, ಶಹಾಡಿನ ಅತ್ತೆ, ಅಪ್ಪನ ಅಕ್ಕ, ವಾಯ್ಸ್ ಮೆಸೇಜ್ ಬಿಟ್ರು.

"ಎಲ್ಲರೂ ಕೇಳಿ. ದಿನಾ ಬೆಳಿಗ್ಗೆ ಒಂದು ಸಲ ಹುಡುಕಿ, ಒಂದು ಸಲ ಒತ್ತಿ. ಹೆಚ್ಚು ಜನ ಒತ್ತಿದ್ರೆ ಮೇಲೆ ಬರ್ತದಂತೆ. ನಮ್ಮ ತಮ್ಮನ ಹೆಂಡ್ತಿ ಮೇಲೆ ಬರ್ಲಿ."

ಶುರುವಾಯ್ತು ನೋಡಿ. ನಮ್ಮ ಜನ ಒಂದು ಸಲ ಹಿಡಿದ್ರೆ ಬಿಡೋದಿಲ್ಲ. ದೇವರಿಗೆ ದೀಪ ಹಚ್ಚೋದು, ಆಮೇಲೆ ಫೋನ್ ತೆಗೆದು 'ಪತ್ರೊಡೆ ಡೊಂಬಿವಲಿ' ಅಂತ ಹುಡುಕೋದು. ಹುಡುಕಿ, ಒತ್ತಿ, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಲ್ಲಿ ಹಾಕೋದು, ಕೆಳಗೆ ಕೈ ಮುಗಿಯೋ ಗುರುತು. ಯಾರಾದ್ರೂ ಹಾಕದಿದ್ರೆ ಅತ್ತೆ ಕೇಳ್ತಿದ್ರು, "ವಾಶಿಯವ್ರದ್ದು ಇನ್ನೂ ಬರ್ಲಿಲ್ಲ. ಹುಷಾರಿಲ್ವಾ?"

ನಿಜವಾಗ್ಲೂ ಮೇಲೆ ಬಂತು! ನನ್ನ ಫೋನಲ್ಲಿ ಅಮ್ಮ ಫಸ್ಟ್. ಅಪ್ಪನ ಫೋನಲ್ಲಿ ಫಸ್ಟ್. ಶಹಾಡಲ್ಲಿ, ವಾಶಿಯಲ್ಲಿ, ಎಲ್ಲ ಕಡೆ ಫಸ್ಟ್. ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ಸ್ಕ್ರೀನ್ ನೋಡಿ ನಿಂತಳು.

"ಇಡೀ ಡೊಂಬಿವಲಿಗೆ ನಾನು ಫಸ್ಟಾ ಮಗಾ?"

"ಹೌದಲ್ಲ ಅಮ್ಮ. ನೋಡು."

ಅದ್ರ ಮೇಲೇ ಅವಳು ಕ್ಯಾಂಟೀನ್ ಬಿಡೋದು ಅಂತ ನಿರ್ಧಾರ ಮಾಡಿದ್ದು. ಸೋಮವಾರ ಕಂಟ್ರಾಕ್ಟರಿಗೆ ಹೇಳೋದು, ಆಮೇಲೆ ವಾರ ಪೂರ್ತಿ ಮನೆಯಿಂದ್ಲೇ ಆರ್ಡರ್. ಅಪ್ಪ ಠಾಣೆಯ ಹೋಟೆಲಲ್ಲಿ ಕ್ಯಾಶಲ್ಲಿ ಕೂರೋರು, ಗಿರಾಕಿ ಬರದ ದಿನಗಳನ್ನೂ ನೋಡಿದವ್ರು. "ಒಂದು ಸಂಬಳದಲ್ಲಿ ಮನೆ ನಡೀತದಾ, ಇನ್ನೊಂದು ಸಲ ಯೋಚನೆ ಮಾಡು," ಅಂದ್ರು. ಅಮ್ಮ ಅವರ ಎದುರಿಗೆ ಫೋನ್ ಹಿಡಿದು, "ಫಸ್ಟ್ ಇದ್ದವ್ರಿಗೆ ಎಂತ ಹೆದರಿಕೆ?" ಅಂದ್ಳು.

ಆ ಭಾನುವಾರ ಎಲೆ ತೊಳೆದು ಹರಡಿ ನಾನು ಸುಮ್ನೆ ಕೂತಿದ್ದೆ. ಒಂದು ವಿಡಿಯೋದಲ್ಲಿ ಯಾರೋ ಹೇಳ್ತಿದ್ದ, ಸರ್ಚ್ ಇಂಜಿನ್ ಬದಲಾಯಿಸಿ ನೋಡಿ ಅಂತ. ಬದಲಾಯಿಸೋದಾ! ಬ್ರೌಸರಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿದೆ, ಸೆಟ್ಟಿಂಗ್ಸಿಗೆ ಹೋದೆ. ಅಲ್ಲೇ ಮೇಲೆ ಉಂಟು, 'ಸರ್ಚ್ ಇಂಜಿನ್' ಅಂತ. ಇಷ್ಟು ವರ್ಷ ಅದ್ರ ಪಕ್ಕದಲ್ಲೇ ಓಡಾಡಿದ್ದೇನೆ, ಒತ್ತಿರ್ಲಿಲ್ಲ. ಒತ್ತಿದ್ರೆ ಸಾಲಾಗಿ ಹೆಸರುಗಳು, ಒಂದೊಂದ್ರ ಮುಂದೆ ಒಂದು ಚಿಕ್ಕ ಗೋಲ. ಎಲ್ಲರೂ ಬಳಸೋ ದೊಡ್ಡದ್ರ ಗೋಲ ತುಂಬಿತ್ತು, ಉಳಿದದ್ದೆಲ್ಲ ಖಾಲಿ. ನಾನು ಕೇಳಿಯೇ ಇರದ ಒಂದು ಹೆಸರಿನ ಮೇಲೆ ಬೆರಳಿಟ್ಟೆ. ಚುಕ್ಕಿ ಅಲ್ಲಿಂದ ಇಲ್ಲಿಗೆ ಬಂತು. ಅಷ್ಟೇ. ಫೋನ್ ಸ್ವಲ್ಪಾನೂ ಅಲ್ಲಾಡ್ಲಿಲ್ಲ.

ಪರೀಕ್ಷೆ ಮಾಡ್ಲಿಕ್ಕೆ ಬೆರಳಿಗೆ ಅಭ್ಯಾಸ ಇದ್ದದ್ದನ್ನೇ ಟೈಪ್ ಮಾಡಿದೆ. ಪತ್ರೊಡೆ ಡೊಂಬಿವಲಿ.

ಅಮ್ಮ ಇಲ್ಲ.

ಕೆಳಗೆ ಹೋದೆ. ಮಂಗಳೂರಿನ ರೆಸಿಪಿ, ಉಡುಪಿಯ ರೆಸಿಪಿ, ಯಾವುದೋ ದೊಡ್ಡ ಹೋಟೆಲ್. ಮುಂದಿನ ಪೇಜ್. ಇಲ್ಲ. ಅದ್ರ ಮುಂದಿನದ್ದು. ಇಲ್ಲ. ಹೊಸದ್ರದ್ದೇ ತಪ್ಪು ಇರ್ಬಹುದು ಅಂತ ಹಳೇದಕ್ಕೇ ವಾಪಸ್ ಹೋದೆ, ಆದ್ರೆ ಈ ಸಲ ಪ್ರೈವೇಟ್ ಟ್ಯಾಬಲ್ಲಿ, ಅಂದ್ರೆ ನಾನು ಯಾರು ಅಂತ ಅದಕ್ಕೆ ಗೊತ್ತಾಗದ ಹಾಗೆ. ಅಲ್ಲೂ ಅಮ್ಮ ಎಲ್ಲೋ ಕೆಳಗೆ, ಒಂದು ಫರ್ನಿಚರ್ ಅಂಗಡಿಗಿಂತ ಕೆಳಗೆ.

ನಂಗೆ ಎಂತದೋ ಆಯ್ತು. ಹೆದರಿಕೆ ಅಲ್ಲ ಅದು. ಹೇಗೆ ಹೇಳೋದು? ಸ್ಟೇಷನ್ನಿನ ಬ್ರಿಜ್ ಮೇಲೆ ನಿಂತು ನಮ್ಮ ಮನೆಯ ಕಿಟಕಿ ಯಾವುದು ಅಂತ ಹುಡುಕಿದಾಗ, ಎಲ್ಲ ಕಿಟಕಿಯೂ ಒಂದೇ ತರ ಕಾಣ್ತದಲ್ಲ, ಹಾಗೆ. ಇಷ್ಟು ದಿನ ಊರು ನಮ್ಮನ್ನ ನೋಡ್ತಿದೆ ಅಂದ್ಕೊಂಡಿದ್ದೆ. ದಿನಾ ಒತ್ತಿ ಒತ್ತಿ, ನಮ್ಮ ಫೋನುಗಳಿಗೆ ನಮಗೆ ಬೇಕಾದದ್ದು ಅಮ್ಮನೇ ಅಂತ ನಾವೇ ಕಲಿಸಿ ಕೊಟ್ಟಿದ್ವಿ. ಅವು ಒಳ್ಳೆ ಮಗುವಿನ ಹಾಗೆ ಅಮ್ಮನನ್ನ ಮುಂದೆ ತಂದು ನಿಲ್ಲಿಸ್ತಿದ್ವು. ಒಂದು ಚುಕ್ಕಿ ಪಕ್ಕಕ್ಕೆ ಸರಿದದ್ದಕ್ಕೆ, ನನ್ನ ಕೈಯಲ್ಲಿ ಯಾರೋ ಗುರುತಿಲ್ಲದವರ ಕಣ್ಣು ಬಂತು. ಎಂಥ ವಿಷಯ ಇದು ಮಾರಾಯ್ರೇ! ನಂಗೆ ಇವತ್ತಿಗೂ ಅದು ದೊಡ್ಡ ಆಶ್ಚರ್ಯ.

ಆದ್ರೆ ಅಮ್ಮನಿಗೆ ಹೇಳ್ಬೇಕಲ್ಲ. ಅವಳು ಹಿಟ್ಟು ಹಚ್ತಾ ಇದ್ಳು. ಹೇಳಿದೆ, ತೋರಿಸಿದೆ. ಮೊದಲು ನಂಬ್ಲಿಲ್ಲ.

"ನೀನು ಎಂತದೋ ಒತ್ತಿ ಹಾಳು ಮಾಡಿದ್ದಿ. ಮೊದಲಿನ ಹಾಗೆ ಮಾಡು."

"ಮೊದಲಿನ ಹಾಗೆ ಮಾಡಿದ್ರೆ ನಮಗೆ ಮಾತ್ರ ಕಾಣ್ತದೆ ಅಮ್ಮ."

ಅವಳು ಕೈ ತೊಳೆದು ಎದ್ದು ಸೀದಾ ಪಕ್ಕದ ಮನೆಗೆ ಹೋದ್ಳು. ನಾನು ಹಿಂದೆ. ಅಲ್ಲಿ ಒಬ್ರು ಮರಾಠಿ ಹೆಂಗಸು ಇರೋದು, ನಾವೆಲ್ಲ ಕಾಕು, ಅಂದ್ರೆ ಚಿಕ್ಕಮ್ಮ, ಅಂತ ಕರೆಯೋದು, ಅಮ್ಮನ ಪತ್ರೊಡೆ ತಿಂದು ತಿಂದು ಅಭ್ಯಾಸ ಆದವ್ರು. ಅಮ್ಮ ಮರಾಠಿಯಲ್ಲಿ ಕೇಳಿದ್ಳು, "ಕಾಕು, ನಿಮ್ಮ ಫೋನಲ್ಲಿ ನನ್ನನ್ನ ಹುಡುಕಿ."

"ನಿನ್ನನ್ನ ಯಾಕೆ ಹುಡುಕ್ಬೇಕು? ಬಾಗಿಲು ಬಡಿದ್ರೆ ಬರ್ತಿಯಲ್ಲ," ಅಂದ್ರು ಕಾಕು.

"ಹಾಗಲ್ಲ. ನಾನು ಪಕ್ಕದ ಮನೆಯಲ್ಲಿ ಇಲ್ಲ ಅಂತ ತಿಳ್ಕೊಳ್ಳಿ. ಆ ಎಲೆಯದ್ದು ತಿನ್ಬೇಕು ಅಂತ ಆಸೆ ಆಯ್ತು. ಎಂತ ಬರೀತೀರಿ?"

ಕಾಕು ಕನ್ನಡಕ ಹಾಕಿ, ಯೋಚನೆಯೇ ಮಾಡದೆ ಬರೆದ್ರು. ಅಳೂವಡಿ. ಅದೇ ಎಲೆ, ಮರಾಠಿಯವ್ರು ಕಡಲೆಹಿಟ್ಟಲ್ಲಿ ಮಾಡೋದು. ಸ್ಕ್ರೀನ್ ತುಂಬಾ ಬಂತು ನೋಡಿ! ಡೊಂಬಿವಲಿಯದ್ದು, ಕಲ್ಯಾಣದ್ದು, ಠಾಣೆಯದ್ದು. ಮಾಡೋರು ಎಷ್ಟು, ಕೇಳೋರು ಎಷ್ಟು! ನಮ್ಮ ಗೋಡೆಯ ಆಚೆ ಒಂದು ಊರಿಗೆ ಊರೇ ಆ ಎಲೆಯನ್ನ ಕೇಳ್ತಾ ಇತ್ತು. ಅವರು ಕೇಳೋ ಕಡೆ ನಾವು ಇರ್ಲೇ ಇಲ್ಲ.

ಅಮ್ಮ ಕಾಕುವಿನ ಫೋನ್ ತಗೊಂಡು ಕೆಳಗಿನವರೆಗೆ ನೋಡಿದ್ಳು. ಆಮೇಲೆ ನನ್ನ ಕಡೆ ತಿರುಗಿ ತುಳುವಲ್ಲಿ ಕೇಳಿದ್ಳು. "ಅಂದ್ರೆ ಇಷ್ಟು ದಿನ ನಾವೇ ನಮ್ಮನ್ನ ಹುಡುಕ್ತಾ ಇದ್ದದ್ದಾ?"

"ಹೌದು."

"ದಿನಾ ಬೆಳಿಗ್ಗೆ?"

"ಹೌದಮ್ಮ."

ಅವಳಿಗೆ ನಗು ಬಂತು. ಕಾಕುವಿನ ಸೋಫಾದಲ್ಲೇ ಕೂತು, ಸೆರಗು ಬಾಯಿಗೆ ಒತ್ತಿ ನಕ್ಕಳು. ಕಾಕುವಿಗೆ ಒಂದೂ ಅರ್ಥ ಆಗ್ಲಿಲ್ಲ, ಅವರೂ ನಕ್ರು. ನಕ್ಕು ಮುಗಿದ ಮೇಲೆ ಅಮ್ಮ ಕಣ್ಣು ಒರೆಸಿದ್ದು ಬರೀ ನಗುವಿಗೆ ಅಲ್ಲ ಅಂತ ನಂಗೆ ಗೊತ್ತಾಯ್ತು.

ಮನೆಗೆ ಬಂದು ನಾನು ಪೇಜಲ್ಲಿ ಅಳೂವಡಿ ಅಂತಾನೂ ಬರೀತೇನೆ ಅಂದೆ. ಅದಕ್ಕೆ ಜಗಳ.

"ಅದು ಬೇರೆ, ಇದು ಬೇರೆ. ಸುಳ್ಳು ಬರೀಬೇಡ."

"ಅಕ್ಕಿ ಹಿಟ್ಟಿನ ಅಳೂವಡಿ, ನಮ್ಮ ಕಡೆ ಪತ್ರೊಡೆ ಅಂತಾರೆ ಅಂತ ಬರೆದ್ರೆ ಸುಳ್ಳಾ?"

ಸ್ವಲ್ಪ ಯೋಚನೆ ಮಾಡಿ, "ಅಕ್ಕಿದ್ದು ಅಂತ ಮೊದಲು ಬರಿ," ಅಂದ್ಳು. ಮರಾಠಿಯಲ್ಲೂ ಬರೆದೆ. ಕಾಕು ತಿದ್ದಿ ಕೊಟ್ರು.

ಸೋಮವಾರ ಅಮ್ಮ ಕ್ಯಾಂಟೀನಿಗೆ ಹೋದ್ಳು, ಕಂಟ್ರಾಕ್ಟರಿಗೆ ಏನೂ ಹೇಳ್ಲಿಲ್ಲ. ಇನ್ನು ಯಾರೂ ದಿನಾ ಹುಡುಕೋದು ಬೇಡ ಅಂತ ನಾನು ಗ್ರೂಪಲ್ಲಿ ಹಾಕಿದೆ. ಅತ್ತೆಗೆ ಬೇಜಾರಾಯ್ತು. "ಹಾಗಾದ್ರೆ ನಾವು ಬೆಳಿಗ್ಗೆ ಎಂತ ಮಾಡೋದು?" ಅಂದ್ರು. ವಿಡಿಯೋ ಕಾಲಲ್ಲಿ ಅವರ ಕೈಯಿಂದ್ಲೇ ಆ ಗೋಲ ಬದಲು ಮಾಡಿಸಿದೆ. ಹುಡುಕಿ ನೋಡಿದ್ರು. "ಅಯ್ಯೋ, ಅಲ್ಲಿ ನಾವು ಯಾರೂ ಇಲ್ವಲ್ಲ ಮಗಾ," ಅಂದ್ರು ಮೆಲ್ಲಗೆ.

ಮಳೆ ಜೋರಾಗಿ ಪೇಟೆಗೆ ಕೆಸುವಿನ ಎಲೆ ರಾಶಿ ರಾಶಿ ಬರೋ ಟೈಮಲ್ಲಿ ಒಂದು ಫೋನ್ ಬಂತು. ಹೆಂಗಸು, ಮರಾಠಿ, ಕಲ್ಯಾಣದಿಂದ. ಅಕ್ಕಿದ್ದು ಮಾಡೋರು ನೀವೇನಾ ಅಂತ ಕೇಳಿದ್ರು. ಅಮ್ಮ ಆರ್ಡರ್ ಬರ್ಕೊಳ್ಳೋ ಮೊದಲು, ನಮ್ಮವ್ರೆಲ್ಲ ಕೇಳೋದನ್ನೇ ಕೇಳಿದ್ಳು.

"ನೀವು ಯಾರ ಕಡೆಯವ್ರು? ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಹುಡುಕಿದೆ, ಸಿಕ್ಕಿತು," ಅಂದ್ರು ಆ ಹೆಂಗಸು.

ಅಮ್ಮ ಫೋನಿನ ಬಾಯಿಗೆ ಕೈ ಮುಚ್ಚಿ ನನ್ನನ್ನ ನೋಡಿದ್ಳು. ಕಣ್ಣು ಅಷ್ಟು ದೊಡ್ಡದು. "ಯಾರ ಕಡೆಯೂ ಅಲ್ಲಂತೆ!" ಅಂತ ಪಿಸುಗುಟ್ಟಿದ್ಳು, ಮನೆಗೆ ಮಂತ್ರಿ ಬಂದ ಹಾಗೆ. ಆಮೇಲೆ ಅಂಥವ್ರು ಇನ್ನೂ ಕೆಲವ್ರು ಬಂದ್ರು. ಈಗ ಅಮ್ಮ ಕ್ಯಾಂಟೀನಿಗೆ ಮಧ್ಯಾಹ್ನದವರೆಗೆ ಮಾತ್ರ ಹೋಗ್ತಾಳೆ, ಅವಳೇ ಕೇಳಿ ಮಾಡಿಸ್ಕೊಂಡದ್ದು. ಪೂರ್ತಿ ಯಾವಾಗ ಬಿಡ್ತಿ ಅಂತ ಅಪ್ಪ ಕೇಳಿದ್ರೆ, ಗುರುತಿಲ್ಲದವ್ರು ಇನ್ನಷ್ಟು ಬರ್ಲಿ ಅಂತಾಳೆ.